ಕಪ್ಪೆಯಿಂದ ಶುರು ಮಾಡಿ: ಮಲೆನಾಡಿನ ಮಕ್ಕಳಿಗೆ ಲ್ಯಾಟಿನ್ ಕಲಿಸುವ ಬಗೆ

ತೀರ್ಥಹಳ್ಳಿ ಕಡೆಯ ನಮ್ಮ ಮನೆ ಜಗಲಿಯಲ್ಲಿ ಶನಿವಾರ ಮಧ್ಯಾಹ್ನ ಎಂಟು ಮಕ್ಕಳು ಸೇರುತ್ತಾರೆ. ಮೂರನೇ ಕ್ಲಾಸಿನಿಂದ ಐದನೇ ಕ್ಲಾಸಿನವರೆಗಿನವರು. ಅವರಿಗೆ ನಾನು ಹಳೇ ರೋಮಿನವರ ಭಾಷೆಯಾದ ಲ್ಯಾಟಿನ್ ಕಲಿಸುತ್ತೇನೆ. ಮೊದಲ ವರ್ಷ ಒಂದು ಇಂಗ್ಲಿಷ್ ಪುಸ್ತಕ ಇಟ್ಟುಕೊಂಡು ಕಲಿಸಿದೆ. 'ಪದದ ಕೊನೆಗೆ ಮ್ ಬಂದರೆ ಅದು ಆಬ್ಜೆಕ್ಟ್' ಎಂದು ಪುಸ್ತಕ ಹೇಳುತ್ತಿತ್ತು. ಆಬ್ಜೆಕ್ಟ್ ಅಂದರೆ ಏನು ಎಂದು ಅರ್ಧ ಗಂಟೆ ವಿವರಿಸಿದೆ. ಮಕ್ಕಳ ಮುಖ ಬಾಡಿತು. ಆಮೇಲೆ ನಾಲ್ಕನೇ ಕ್ಲಾಸಿನ ಒಬ್ಬಳು ಕೇಳಿದಳು: "ಅಂದ್ರೆ 'ಅನ್ನು' ಅಲ್ವಾ?"

ಹೌದು, 'ಅನ್ನು'. ರಾನ ಅಂದರೆ ಕಪ್ಪೆ. ರಾನಮ್ ಅಂದರೆ ಕಪ್ಪೆಯನ್ನು. ಅಷ್ಟೇ.

ಅವತ್ತು ನನಗೆ ಅರ್ಥವಾಯಿತು. ಇಂಗ್ಲಿಷ್ ಮಕ್ಕಳಿಗೆ ಲ್ಯಾಟಿನ್ನಿನಲ್ಲಿ ಯಾವುದು ಕಷ್ಟವೋ ಅದರ ಮುಕ್ಕಾಲು ಪಾಲು ಕನ್ನಡದ ಮಗುವಿನ ಬಾಯಲ್ಲಿ ಆಗಲೇ ಇದೆ. ನಾವು ಇಂಗ್ಲಿಷಿನ ಬಾಗಿಲಿನಿಂದ ಒಳಗೆ ಕರೆದುಕೊಂಡು ಹೋಗಿ ಸುಮ್ನೆ ಸುತ್ತಿಸುತ್ತೇವೆ. ನೇರ ಕನ್ನಡದಿಂದಲೇ ಹೋಗಬಹುದು. ಹೇಗೆ ಎನ್ನುವುದನ್ನು ಇಲ್ಲಿ ಬರೆದಿದ್ದೇನೆ. ಶಾಲೆಯ ಟೀಚರ್‌ಗಳಿಗೂ ಆಗುತ್ತದೆ, ಮನೆಯಲ್ಲಿ ಕಲಿಸುವ ಅಪ್ಪ ಅಮ್ಮನಿಗೂ ಆಗುತ್ತದೆ.

ಶುರು ಮಾಡುವ ಮೊದಲು

ಎಂಟು ವರ್ಷ ತುಂಬಿದ ಮಗು ಸಾಕು. ಕನ್ನಡ ಸರಾಗವಾಗಿ ಓದಲು ಬರಬೇಕು, ಅದೊಂದೇ ಷರತ್ತು. ವಾರಕ್ಕೆ ಎರಡು ಸಲ, ಒಂದು ಸಲಕ್ಕೆ ಇಪ್ಪತ್ತೈದು ನಿಮಿಷ. ಜಾಸ್ತಿ ಬೇಡ. ಪರೀಕ್ಷೆ, ಮಾರ್ಕ್ಸು ಬೇಡವೇ ಬೇಡ.

ನಿಮಗೆ ಎಷ್ಟು ಗೊತ್ತಿರಬೇಕು? ಮಕ್ಕಳಿಗಿಂತ ಮೂರು ತಿಂಗಳು ಮುಂದಿದ್ದರೆ ನಡೆಯುತ್ತದೆ. ಆದರೆ ಉಚ್ಚಾರದಲ್ಲಿ ಮಾತ್ರ ಮೊದಲ ದಿನದಿಂದಲೇ ಗಟ್ಟಿಯಾಗಿರಿ. ಲ್ಯಾಟಿನ್ನಿಗೆ ಎರಡು ಉಚ್ಚಾರಗಳಿವೆ. ಒಂದು ಹಳೇ ರೋಮಿನದು, ಇನ್ನೊಂದು ಚರ್ಚಿನದು. ರೋಮಿನವರು ಕಿಕೆರೋ, ಕೈಸರ್ ಎನ್ನುತ್ತಿದ್ದರು. ಚರ್ಚಿನ ಉಚ್ಚಾರದಲ್ಲಿ ಅದೇ ಪದಗಳು ಚಿಚೆರೋ, ಚೇಸರ್ ಆಗುತ್ತವೆ. ಎರಡೂ ಸರಿ. ಒಂದನ್ನು ಆರಿಸಿಕೊಂಡು ಅದನ್ನೇ ಹಿಡಿಯಿರಿ. ನಾನು ಹಳೇ ರೋಮಿನದನ್ನು ಆರಿಸಿದ್ದೇನೆ, ಯಾಕೆಂದರೆ ಅದು ಕನ್ನಡದ ಹಾಗೆ: ಬರೆದಂತೆ ಓದುವುದು, ಓದಿದಂತೆ ಬರೆಯುವುದು. ನಿಮ್ಮ ಮನೆಯಲ್ಲಿ ಹಳೇ ಲ್ಯಾಟಿನ್ ಪೂಜೆಯ ಹಾಡು ನೆನಪಿರುವ ಅಜ್ಜಿ ಇದ್ದರೆ ಚರ್ಚಿನದನ್ನೇ ಆರಿಸಿ. ಅಜ್ಜಿಗಿಂತ ಒಳ್ಳೆ ಮೇಷ್ಟ್ರು ಸಿಗುವುದಿಲ್ಲ.

ಮೊದಲ ತಿಂಗಳು: ಕಿವಿ ಮತ್ತು ಬಾಯಿ ಮಾತ್ರ

ಪುಸ್ತಕ ಬೇಡ, ಪೆನ್ಸಿಲ್ ಬೇಡ. ಜೂನ್ ತಿಂಗಳಲ್ಲಿ ಶುರು ಮಾಡಿದರೆ ತುಂಬಾ ಒಳ್ಳೇದು. ಹೊರಗೆ ಮಳೆ ಹುಯ್ಯುತ್ತಿರುತ್ತದೆ. ಕೈ ತೋರಿಸಿ ಹೇಳಿ: "ಪ್ಲುವಿತ್." ಮಳೆ ಬರ್ತಿದೆ. ಒಂದೇ ಪದಕ್ಕೆ ಇಡೀ ವಾಕ್ಯ ಮುಗಿಯಿತು. ಆಗುಂಬೆ ಸೀಮೆಯ ಮಗುವಿಗೆ ಇದಕ್ಕಿಂತ ಒಳ್ಳೆ ಮೊದಲ ಪಾಠ ಇಲ್ಲ. ನಾಲ್ಕು ತಿಂಗಳು ದಿನಾ ಹೇಳಬಹುದು!

ಆಮೇಲೆ ಆಜ್ಞೆಗಳು. ನೀವು ಹೇಳಿ, ಮಕ್ಕಳು ಮಾಡಲಿ. ಸುರ್ಗೆ: ಏಳು. ಸೆದೇ: ಕೂತ್ಕೋ. ವೆನೀ: ಬಾ. ಔದೀ: ಕೇಳು. ಒಬ್ಬರಿಗೆ ಹೇಳಿದರೆ ಹೀಗೆ. ತುಂಬಾ ಜನರಿಗೆ ಹೇಳಿದರೆ ಸುರ್ಗಿತೆ, ಸೆದೇತೆ, ವೆನೀತೆ, ಔದೀತೆ. ನಮ್ಮ ಬಾ, ಬನ್ನಿ ಇದ್ದ ಹಾಗೆ. ಎರಡನೇ ದಿನಕ್ಕೇ ಮಕ್ಕಳು ಅದಲು ಬದಲು ಮಾಡಿ ಒಬ್ಬರಿಗೊಬ್ಬರು ಆಜ್ಞೆ ಕೊಡಲು ಶುರು ಮಾಡುತ್ತಾರೆ. ಕೊಡಲಿ.

ಇಲ್ಲಿ ಒಂದು ಸಣ್ಣ ವ್ಯತ್ಯಾಸ ಹೇಳಿ. ಕನ್ನಡದ 'ಬನ್ನಿ' ಗೌರವಕ್ಕೂ ಬರುತ್ತದೆ. ಹಳೇ ಲ್ಯಾಟಿನ್ನಿನ 'ವೆನೀತೆ' ಬಹುವಚನಕ್ಕೆ ಮಾತ್ರ. ರೋಮಿನಲ್ಲಿ ಗುರುವನ್ನೂ ಏಕವಚನದಲ್ಲೇ ಕರೆಯುತ್ತಿದ್ದರು. ಹಾಗಾಗಿ ಮಕ್ಕಳು ನಿಮಗೆ "ಸಲ್ವೇ, ಮಗಿಸ್ತ್ರ" ಎನ್ನಬೇಕು. ನಮಸ್ಕಾರ ಟೀಚರ್ ಎಂದು ಅರ್ಥ, ಆದರೆ ಅದು ನೀನು ಎನ್ನುವ ರೂಪ. ಮೇಷ್ಟ್ರಾದರೆ 'ಮಗಿಸ್ತೆರ್'. ನೀವು ಅವರಿಗೆ "ಸಲ್ವೇತೆ" ಎನ್ನಿ. ಟೀಚರನ್ನು 'ನೀನು' ಎನ್ನಬಹುದು ಎಂದು ಗೊತ್ತಾದ ದಿನ ಜಗಲಿಯಲ್ಲಿ ಆದ ಸಂಭ್ರಮ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಹ್ರಸ್ವ, ದೀರ್ಘ: ನಮ್ಮ ಲಿಪಿಯ ಕೊಡುಗೆ

ಇದು ನನಗೆ ತುಂಬಾ ಪ್ರೀತಿಯ ಪಾಠ. ಲ್ಯಾಟಿನ್ನಿನಲ್ಲಿ ಐದು ಸ್ವರ. ಪ್ರತಿಯೊಂದಕ್ಕೂ ಹ್ರಸ್ವ ಇದೆ, ದೀರ್ಘ ಇದೆ. ಅ ಆ, ಇ ಈ, ಉ ಊ, ಎ ಏ, ಒ ಓ. ಕನ್ನಡ ವರ್ಣಮಾಲೆಯಲ್ಲಿ ಈ ಹತ್ತಕ್ಕೂ ಬೇರೆ ಬೇರೆ ಅಕ್ಷರ ಇದೆ. ಹಿಂದಿ ಬರೆಯುವ ಮಗುವಿಗೆ ಒ ಓ ಬೇರೆ ಮಾಡಲು ಅಕ್ಷರ ಇಲ್ಲ. ಇಂಗ್ಲಿಷ್ ಪುಸ್ತಕಗಳು ದೀರ್ಘ ತೋರಿಸಲು ಅಕ್ಷರದ ತಲೆ ಮೇಲೆ ಗೆರೆ ಎಳೆಯುತ್ತವೆ, ಎಷ್ಟೋ ಸಲ ಅದನ್ನೂ ಬಿಡುತ್ತವೆ. ನಮಗೆ ಆ ತೊಂದರೆಯೇ ಇಲ್ಲ.

ದೀರ್ಘ ಬಿಟ್ಟರೆ ಅರ್ಥ ಕೆಡುತ್ತದೆ. ಓಸ್ ಅಂದರೆ ಬಾಯಿ, ಒಸ್ ಅಂದರೆ ಮೂಳೆ. ವೆನಿತ್ ಅಂದರೆ ಬರುತ್ತಾನೆ, ವೇನಿತ್ ಅಂದರೆ ಬಂದ. ಲೆವಿಸ್ ಅಂದರೆ ಹಗುರ, ಲೇವಿಸ್ ಅಂದರೆ ನುಣುಪು. ಕೆರೆ, ಕೇರೆ ಬೇರೆ ಎಂದು ನಮ್ಮ ಮಕ್ಕಳಿಗೆ ಯಾರೂ ವಿವರಿಸಬೇಕಿಲ್ಲ. ಕೆರೆಯಲ್ಲಿ ಈಜುತ್ತಾರೆ, ಕೇರೆ ಹಾವು ಕಂಡರೆ ಓಡುತ್ತಾರೆ. ಆ ಕಿವಿ ಇದ್ದರೆ ಸಾಕು.

ಆದ್ದರಿಂದ ಎರಡನೇ ತಿಂಗಳಿನಿಂದ ಅಕ್ಟೋಬರ್ ಮುಗಿಯುವವರೆಗೂ ಲ್ಯಾಟಿನ್ ಪದಗಳನ್ನು ಕನ್ನಡ ಲಿಪಿಯಲ್ಲೇ ಬರೆಸಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಎಬಿಸಿಡಿಯಲ್ಲಿ ಬರೆಸಿದ ಕೂಡಲೇ ಮಗು ಅದನ್ನು ಇಂಗ್ಲಿಷ್ ಥರ ಓದಲು ಹೋಗುತ್ತದೆ, ಕನಿಸ್ ಹೋಗಿ ಕೇನಿಸ್ ಆಗುತ್ತದೆ. ಕನಿಸ್ ಅಂದರೆ ನಾಯಿ.

ಎರಡನೇ ತಿಂಗಳು: ಒಂದೇ ಒಂದು ಪ್ರತ್ಯಯ

ನಾನು ಮೊದಲ ವರ್ಷ ಮಾಡಿದ ಇನ್ನೊಂದು ತಪ್ಪು ಹೇಳಬೇಕು. ಸಂಸ್ಕೃತದ ಶಬ್ದರೂಪ ಉರು ಹೊಡೆಸುವ ಹಾಗೆ ಲ್ಯಾಟಿನ್ನಿನ ಇಡೀ ವಿಭಕ್ತಿ ಪಟ್ಟಿ ಉರು ಹೊಡೆಸಿದೆ. ಮಕ್ಕಳು ಚೆನ್ನಾಗಿಯೇ ಹೇಳಿದರು. "ರೋಸಮ್ ಅಂದ್ರೆ ಏನು?" ಎಂದು ಕೇಳಿದರೆ "ನಾಲ್ಕನೇದು" ಎಂದರು. ಅರ್ಥ ಗೊತ್ತಿಲ್ಲ, ನಂಬರ್ ಗೊತ್ತು. ಇಬ್ಬರು ಬರುವುದನ್ನೇ ಬಿಟ್ಟರು. ಅವರನ್ನು ಕಳೆದುಕೊಂಡ ಬೇಜಾರು ನನಗೆ ಈಗಲೂ ಇದೆ.

ಈಗ ಎರಡನೇ ತಿಂಗಳು ಪೂರ್ತಿ ಒಂದೇ ಪ್ರತ್ಯಯ ಕಲಿಸುತ್ತೇನೆ: ಮ್. ರಟ್ಟಿನ ಚೀಟಿಗಳನ್ನು ಮಾಡಿ. ಒಂದರ ಮೇಲೆ ಪುವೆಲ್ಲ (ಹುಡುಗಿ), ಒಂದರ ಮೇಲೆ ರಾನ (ಕಪ್ಪೆ), ಒಂದರ ಮೇಲೆ ವಕ್ಕ (ಹಸು), ಫೊರ್ಮೀಕ (ಇರುವೆ), ಅಗ್ರಿಕೊಲ (ರೈತ). 'ಮ್' ಎಂದು ಬರೆದ ಸಣ್ಣ ಚೀಟಿ ಬೇರೆ. ಕೆಂಪು ಬಣ್ಣದ್ದಾದರೆ ಒಳ್ಳೇದು. 'ವಿದೆತ್' ಎನ್ನುವ ಕ್ರಿಯಾಪದ ಒಂದು, ನೋಡುತ್ತಾನೆ ಎಂದು. ಈಗ ನೆಲದ ಮೇಲೆ ಸಾಲಾಗಿ ಇಡಿ:

ಪುವೆಲ್ಲ ರಾನಮ್ ವಿದೆತ್.
ಹುಡುಗಿ ಕಪ್ಪೆಯನ್ನು ನೋಡುತ್ತಾಳೆ.

ಪದದ ಕೆಳಗೆ ಪದ ಕೂತಿದೆ ನೋಡಿ. ಕರ್ತೃ, ಕರ್ಮ, ಕ್ರಿಯೆ, ಅದೇ ಕ್ರಮ. ಇಂಗ್ಲಿಷಿಗೆ ತಿರುಗಿಸಬೇಕಾದರೆ ಎಲ್ಲ ಹಿಂದೆ ಮುಂದೆ ಮಾಡಬೇಕು, ಕನ್ನಡಕ್ಕೆ ಏನೂ ಮಾಡಬೇಕಾಗಿಲ್ಲ. ಲ್ಯಾಟಿನ್ನಿನಲ್ಲಿ ಕ್ರಮ ಬದಲಾಗಬಹುದು, ಆದರೆ ಸಾಮಾನ್ಯವಾಗಿ ಕ್ರಿಯಾಪದ ಕೊನೆಗೇ ಬರುತ್ತದೆ.

ಈಗ ಕೆಂಪು ಚೀಟಿಯನ್ನು ಒಂದು ಮಗು ಬೇರೆ ಪದದ ಹಿಂದೆ ಇಡಲಿ. 'ವಕ್ಕ ರಾನಮ್ ವಿದೆತ್' ಅಂದರೆ ಹಸು ಕಪ್ಪೆಯನ್ನು ನೋಡುತ್ತದೆ. 'ವಕ್ಕಮ್ ರಾನ ವಿದೆತ್' ಅಂದರೆ ಹಸುವನ್ನು ಕಪ್ಪೆ ನೋಡುತ್ತದೆ. ಚೀಟಿ ಒಂದೇ ಜಾಗ ಬದಲಾಯಿಸಿತು, ಇಡೀ ಕಥೆ ತಿರುಗಿತು. ಉಳಿದವರು ಹಸುವೂ ಕಪ್ಪೆಯೂ ಆಗಿ ನಟಿಸಲಿ. ಒಂದು ತಿಂಗಳು ಇಷ್ಟೇ ಆಡಿಸಿದರೂ ಮಕ್ಕಳಿಗೆ ಸಾಕಾಗುವುದಿಲ್ಲ, ನಿಮಗೆ ಸಾಕಾಗಬಹುದು.

ಕ್ರಿಯಾಪದವೂ ನಮ್ಮದರ ಹಾಗೇ ಬಾಲ ಬದಲಿಸುತ್ತದೆ. ವಿದೆಯೋ: ನೋಡುತ್ತೇನೆ. ವಿದೇಸ್: ನೋಡುತ್ತೀಯ. ವಿದೆತ್: ನೋಡುತ್ತಾನೆ, ನೋಡುತ್ತಾಳೆ, ನೋಡುತ್ತದೆ, ಮೂರಕ್ಕೂ ಒಂದೇ. 'ನಾನು' ಎಂದು ಬೇರೆ ಹೇಳಬೇಕಿಲ್ಲ. "ನೋಡ್ತೀನಿ" ಎಂದರೆ ನಾನೇ ಎಂದು ಗೊತ್ತಾಗುವುದಿಲ್ಲವೇ, ಹಾಗೆ. ಆ 'ವಿದೆಯೋ'ವೇ ಅವರ ಅಪ್ಪನ ಮೊಬೈಲಿನಲ್ಲಿರುವ ವಿಡಿಯೊ ಎಂದು ಹೇಳಿ ನೋಡಿ.

ಮೂರನೇ ತಿಂಗಳು: ಮಾತುಕತೆ

ಇಲ್ಲಿಂದ ಲ್ಯಾಟಿನ್ನೂ ಕನ್ನಡವೂ ಎಷ್ಟು ಹತ್ತಿರ ಎನ್ನುವುದು ನಿಮಗೇ ಆಶ್ಚರ್ಯ ತರುತ್ತದೆ.

ಕನ್ನಡದಲ್ಲಿ ಪ್ರಶ್ನೆ ಕೇಳಲು ಪದದ ಕೊನೆಗೆ ಏ ಅಥವಾ ಆ ಹಚ್ಚುತ್ತೇವೆ. ನೋಡುತ್ತೀಯಾ? ಲ್ಯಾಟಿನ್ನಿನಲ್ಲಿ 'ನೆ' ಹಚ್ಚುತ್ತಾರೆ. ವಿದೇಸ್‌ನೆ ರಾನಮ್? ಉತ್ತರ ಇನ್ನೂ ಚೆಂದ. ಇಂಗ್ಲಿಷಿನ 'ಎಸ್' ಥರದ ಒಂದು ಖಾಯಂ ಪದ ಹಳೇ ಲ್ಯಾಟಿನ್ನಿನಲ್ಲಿ ಇರಲಿಲ್ಲ. ಕ್ರಿಯಾಪದವನ್ನೇ ಮತ್ತೆ ಹೇಳುತ್ತಿದ್ದರು. "ವಿದೇಸ್‌ನೆ?" "ವಿದೆಯೋ." ಇಲ್ಲವಾದರೆ "ನೋನ್ ವಿದೆಯೋ." ನಮ್ಮ ಮನೆಗಳಲ್ಲಿ ಹೇಗೆ? "ಊಟ ಆಯ್ತಾ?" "ಆಯ್ತು." "ಬಂದ್ಯಾ?" "ಬಂದೆ." ಅದೇ ಲಯ.

'ಮತ್ತು' ಎನ್ನಲು ಲ್ಯಾಟಿನ್ನಿನಲ್ಲಿ ಪದದ ಬಾಲಕ್ಕೆ 'ಕ್ವೆ' ಸೇರಿಸಬಹುದು. ಕನಿಸ್ ವಕ್ಕಕ್ವೆ: ನಾಯಿಯೂ ಹಸುವೂ. ನಾವು ಎರಡಕ್ಕೂ ಊ ಹಚ್ಚುತ್ತೇವೆ, ಅವರು ಕೊನೆಯದಕ್ಕೆ ಮಾತ್ರ.

ಇನ್ನೊಂದು: 'ನನಗೆ ತಂಗಿ ಇದ್ದಾಳೆ' ಎನ್ನುವುದನ್ನು ಲ್ಯಾಟಿನ್ನಿನಲ್ಲಿ 'ಮಿಹಿ ಸೊರೊರ್ ಎಸ್ತ್' ಎನ್ನಬಹುದು. ಮಿಹಿ ಅಂದರೆ ನನಗೆ. ಇಂಗ್ಲಿಷಿನ ಹಾಗೆ ತಂಗಿಯನ್ನು 'ಹೊಂದುವುದು' ಬೇಕಿಲ್ಲ. ಇಲ್ಲಿ ಮಕ್ಕಳು ಖಂಡಿತ ಒಂದು ಪ್ರಶ್ನೆ ಕೇಳುತ್ತಾರೆ: ಸೊರೊರ್ ಅಕ್ಕನಾ, ತಂಗಿಯಾ? ಲ್ಯಾಟಿನ್ನಿಗೆ ಆ ಭೇದ ಒಂದೇ ಪದದಲ್ಲಿ ಇಲ್ಲ. ಅಕ್ಕ ಎನ್ನಬೇಕಾದರೆ 'ಸೊರೊರ್ ಮೈಯೊರ್', ದೊಡ್ಡ ಸೊರೊರ್. ಕನ್ನಡಕ್ಕೆ ಎರಡು ಪದ ಇದೆ ಎಂದು ಮಕ್ಕಳು ಆವತ್ತು ಹೆಮ್ಮೆಯಿಂದ ಮನೆಗೆ ಹೋಗುತ್ತಾರೆ.

ಅಕ್ಟೋಬರ್: ತೋಟಕ್ಕೆ ಹೊರಡಿ

ಮಳೆಗಾಲದಲ್ಲಿ ಮಕ್ಕಳನ್ನು ತೋಟಕ್ಕೆ ಕರೆದುಕೊಂಡು ಹೋಗಬೇಡಿ, ಇಂಬಳ ಜಾಸ್ತಿ. ದಸರಾ ಕಳೆದ ಮೇಲೆ ಹೊರಡಿ. ಮಲೆನಾಡಿನಲ್ಲಿ ಪ್ರತಿ ಗಿಡಕ್ಕೂ ಒಂದು ಲ್ಯಾಟಿನ್ ಹೆಸರಿದೆ. ಸ್ವೀಡನ್ನಿನ ಸಸ್ಯವಿಜ್ಞಾನಿ ಕಾರ್ಲ್ ಲಿನೇಯಸ್ 1753ರಲ್ಲಿ ಗಿಡಗಳಿಗೆಲ್ಲ ಎರಡು ಪದದ ಹೆಸರು ಕೊಡುವ ಪದ್ಧತಿಯನ್ನು ಗಟ್ಟಿ ಮಾಡಿದ. ಹೊಸ ಗಿಡ ಸಿಕ್ಕರೆ ಅದರ ವಿವರಣೆಯನ್ನೂ ಲ್ಯಾಟಿನ್ನಿನಲ್ಲೇ ಬರೆಯಬೇಕು ಎಂಬ ನಿಯಮ 2011ರ ಕೊನೆಯವರೆಗೂ ಇತ್ತು. ಈಗ ಇಂಗ್ಲಿಷಿನಲ್ಲೂ ಬರೆಯಬಹುದು, ಹೆಸರು ಮಾತ್ರ ಲ್ಯಾಟಿನ್ ರೂಪದಲ್ಲೇ ಇರಬೇಕು.

ಮುಟ್ಟಿದರೆ ಮುನಿಯಿಂದ ಶುರು ಮಾಡಿ. ಮಿಮೋಸ ಪುದೀಕ. ಪುದೀಕ ಅಂದರೆ ನಾಚಿಕೆಯವಳು. ಒಂದು ಮಗು ಮುಟ್ಟಲಿ, ಎಲೆ ಮುಚ್ಚಲಿ, ಎಲ್ಲರೂ "ಪುದೀಕ!" ಎನ್ನಲಿ. ಆ ಪದ ಜನ್ಮದಲ್ಲಿ ಮರೆಯುವುದಿಲ್ಲ.

ತೆಂಗು ಕೊಕೊಸ್ ನುಕಿಫೆರ, ಮಾವು ಮಂಗಿಫೆರ ಇಂದಿಕ. ಎರಡರಲ್ಲೂ 'ಫೆರ' ಇದೆ. ಹೊರುವವಳು, ಬಿಡುವವಳು ಎಂದು ಅರ್ಥ. ಒಂದು ಗಟ್ಟಿ ಕಾಯಿ ಹೊರುತ್ತದೆ, ಒಂದು ಮಾವು. ಭತ್ತ ಒರೀಜ ಸತೀವ, ಸತೀವ ಅಂದರೆ ಬಿತ್ತಿ ಬೆಳೆದದ್ದು. ತೋಟದಲ್ಲಿ ಹಳೇ ವೆನಿಲ್ಲಾ ಬಳ್ಳಿ ಉಳಿದಿದ್ದರೆ ಅದು ಪ್ಲಾನಿಫೊಲಿಯ, ಚಪ್ಪಟೆ ಎಲೆಯದು. ಮೇಲೆ ದೊಡ್ಡ ಮಂಗಟ್ಟೆ ಹಕ್ಕಿ ಹಾರಿದರೆ ಬಿಕೊರ್ನಿಸ್, ಎರಡು ಕೊಂಬಿನದು. ಊರ ಕಾಗೆ ಕೊರ್ವುಸ್ ಸ್ಪ್ಲೆಂದೇನ್ಸ್, ಹೊಳೆಯುವ ಕಾಗೆ. ಯಾಕೆ ಹೊಳೆಯುವುದು ಎಂದು ಮಕ್ಕಳು ಕೇಳಿದರೆ ಬೆಳಗಿನ ಬಿಸಿಲಲ್ಲಿ ಕಾಗೆಯ ರೆಕ್ಕೆ ನೋಡಲು ಹೇಳಿ.

ಕಷ್ಟದ ಪಾಠವೂ ಇಲ್ಲೇ ಇದೆ. ಕನ್ನಡದಲ್ಲಿ ಕಪ್ಪು ಹಸು, ಕಪ್ಪು ಮೆಣಸು, 'ಕಪ್ಪು' ಬದಲಾಗುವುದಿಲ್ಲ. ಲ್ಯಾಟಿನ್ನಿನಲ್ಲಿ ವಿಶೇಷಣ ನಾಮಪದದ ಲಿಂಗ ಹಿಡಿಯುತ್ತದೆ. ನಿಗೆರ್, ನಿಗ್ರ, ನಿಗ್ರುಮ್. ಅಲ್ಬುಸ್, ಅಲ್ಬ, ಅಲ್ಬುಮ್. ಜೊತೆಗೆ ಕನ್ನಡದಲ್ಲಿ ಲಿಂಗ ಅರ್ಥದಿಂದ ಬರುತ್ತದೆ, ಲ್ಯಾಟಿನ್ನಿನಲ್ಲಿ ಮೇಜೂ ಸ್ತ್ರೀಲಿಂಗ. ಇದನ್ನು ನಿಯಮ ಹೇಳಿ ಕಲಿಸಲು ಹೋಗಬೇಡಿ. ಕಾಳುಮೆಣಸು ತೋರಿಸಿ: ಪಿಪೆರ್ ನಿಗ್ರುಮ್. ಗಣಿಕೆ ಸೊಪ್ಪು ತೋರಿಸಿ: ಸೋಲಾನುಮ್ ನಿಗ್ರುಮ್. ಶ್ರೀಗಂಧ: ಸಂತಲುಮ್ ಅಲ್ಬುಮ್. ಹಿಪ್ಪುನೇರಳೆ: ಮೋರುಸ್ ಅಲ್ಬ. ಲ್ಯಾಟಿನ್ನಿನಲ್ಲಿ ಮರಗಳ ಹೆಸರು ಸಾಮಾನ್ಯವಾಗಿ ಸ್ತ್ರೀಲಿಂಗ, ಅದಕ್ಕೇ 'ಮೋರುಸ್' ಎಂದಿದ್ದರೂ 'ಅಲ್ಬ'. ಬಿಳಿ ಎನ್ನುವ ಆ ಅಲ್ಬುಮ್ಮೇ ಮದುವೆ ಮನೆಯ ಆಲ್ಬಮ್. ರೋಮಿನಲ್ಲಿ ಪ್ರಕಟಣೆ ಬರೆದು ಹಾಕುತ್ತಿದ್ದ ಬಿಳಿ ಹಲಗೆಗೆ ಆ ಹೆಸರಿತ್ತು.

ಪಿಪೆರ್ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಆ ಪದ ನಮ್ಮ ಹಿಪ್ಪಲಿ, ಸಂಸ್ಕೃತದ ಪಿಪ್ಪಲಿಯಿಂದ ಹೊರಟು ಗ್ರೀಕರ ಮೂಲಕ ರೋಮಿಗೆ ಹೋದದ್ದು. ಈ ಘಟ್ಟಗಳ ಮೆಣಸು ರೋಮಿನವರ ಅಡುಗೆಮನೆ ಸೇರಿತು, ಅವರ ಬೆಳ್ಳಿ ನಾಣ್ಯ ಈ ಕಡೆ ಬಂತು. ನಮ್ಮ ಪಕ್ಕದ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಂಥ ನಾಣ್ಯಗಳು ಸಿಕ್ಕಿವೆ. ಲ್ಯಾಟಿನ್ ಎಲ್ಲಿಂದಲೋ ಬಂದ ಭಾಷೆ ಎಂದು ಮಗುವಿಗೆ ಅನ್ನಿಸದೆ ಇರಲು ಒಂದು ಮೆಣಸಿನ ಕಾಳು ಸಾಕು.

ಷಷ್ಠಿ ವಿಭಕ್ತಿಗೆ ಅಡಿಕೆ ತೋಟವೇ ಪಾಠಶಾಲೆ. ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಬಗ್ಗೆ 1910ರಲ್ಲಿ ಬರೆದರು. ಆ ರೋಗಾಣುವಿಗೆ ಮುಂದೆ ನಿಂತ ಹೆಸರು ಫೈಟೊಫ್ತೊರ ಅರೆಕೈ. ಅರೆಕ ಅಂದರೆ ಅಡಿಕೆ. ಅರೆಕೈ ಅಂದರೆ ಅಡಿಕೆಯ. ರಾನ, ರಾನೈ: ಕಪ್ಪೆ, ಕಪ್ಪೆಯ. ಕೊಳೆರೋಗದ ಮಾತು ಕೇಳದ ಮಗು ನಮ್ಮಲ್ಲಿ ಯಾವುದಿದೆ? ಇನ್ನೊಂದು ವಿಷಯವನ್ನೂ ಹೇಳಿ. ಕಾಫಿ ಎಲೆ ಕೊಳೆಸುವ ಶಿಲೀಂಧ್ರಕ್ಕೆ 'ಕೊಲೆರೊಗ ನೊಕ್ಸಿಯ' ಎಂದೇ ಹೆಸರಿಟ್ಟಿದ್ದರು. ನಮ್ಮ ಪದ, ಲ್ಯಾಟಿನ್ ವಿಶೇಷಣ. ನೊಕ್ಸಿಯ ಅಂದರೆ ಕೆಡುಕು ಮಾಡುವುದು. ಕಪ್ಪೆಗಳಲ್ಲೂ ಇದೆ. ಮೊಟ್ಟೆಗಳಿಗೆ ಕೈಯಿಂದ ಮಣ್ಣು ಮೆತ್ತುವ ಕಪ್ಪೆಗೆ 2014ರಲ್ಲಿ ನಿಕ್ಟಿಬಟ್ರಾಕಸ್ ಕುಂಬಾರ ಎಂದು ಹೆಸರಾಯಿತು. ಕುಂಬಾರ ಕಪ್ಪೆ. ನಮ್ಮ ಘಟ್ಟದ್ದೇ.

ಸಂಸ್ಕೃತದ ನಂಟು, ಎಚ್ಚರಿಕೆಯಿಂದ

ಶಿವಮೊಗ್ಗದ ಹತ್ತಿರದ ಮತ್ತೂರಿನ ಕಡೆ ಮಕ್ಕಳಿಗೆ ಸಂಸ್ಕೃತ ಕಿವಿಗೆ ಬಿದ್ದಿರುತ್ತದೆ. ಅಂಥವರು ಬೇಗ ಹಿಡಿಯುತ್ತಾರೆ. ಮಾತೃ, ಮಾತೆರ್. ಪಿತೃ, ಪತೆರ್. ಅಗ್ನಿ, ಇಗ್ನಿಸ್. ನಾಮ, ನೋಮೆನ್. ಸಪ್ತ, ಸೆಪ್ತೆಮ್. ಅಷ್ಟ, ಒಕ್ತೋ. ನವ, ನೊವೆಮ್. ದಶ, ದೆಕೆಮ್. ಈ ಕೊನೆಯ ನಾಲ್ಕು ಹೇಳಿಸಿ ಕ್ಯಾಲೆಂಡರ್ ತೆಗೆಯಿರಿ. ಸೆಪ್ಟೆಂಬರ್ ಏಳು ಅಲ್ಲ, ಒಂಬತ್ತು, ಯಾಕೆ? ಹಳೇ ರೋಮಿನ ವರ್ಷ ಮಾರ್ಚಿನಿಂದ ಶುರುವಾಗುತ್ತಿತ್ತು. ಬೆರಳು ಮಡಿಸಿ ಎಣಿಸಲಿ, ಸರಿಯಾಗಿ ಬರುತ್ತದೆ.

ಆದರೆ ಸಂಸ್ಕೃತದಿಂದ ಲ್ಯಾಟಿನ್ ಹುಟ್ಟಿತು ಎಂದು ಹೇಳಬೇಡಿ. ಅವು ಅಕ್ಕತಂಗಿಯರು, ಇಬ್ಬರಿಗೂ ತಾಯಿ ಇನ್ನೊಂದು ಹಳೇ ಭಾಷೆ. 1786ರಲ್ಲಿ ಕಲ್ಕತ್ತದಲ್ಲಿ ವಿಲಿಯಂ ಜೋನ್ಸ್ ಎಂಬ ವಿದ್ವಾಂಸ ಹೇಳಿದ್ದೂ ಇದನ್ನೇ. ಕನ್ನಡ ಬೇರೆಯೇ ಮನೆಯದು, ದ್ರಾವಿಡ. ಕನ್ನಡಕ್ಕೂ ಲ್ಯಾಟಿನ್ನಿಗೂ ರಕ್ತಸಂಬಂಧ ಇಲ್ಲ, ನಡೆನುಡಿ ಹೋಲುತ್ತದೆ ಅಷ್ಟೇ. ಮಕ್ಕಳಿಗೆ ಇದು ಅರ್ಥವಾಗುತ್ತದೆ. ಪಕ್ಕದ ಮನೆಯವರ ಹಾಗೆ ನಡೆಯುವ ಮಗುವನ್ನು ಅವರು ನೋಡಿದ್ದಾರೆ.

ಕೊನೆಗೆ ರೋಮನ್ ಅಕ್ಷರ

ನವೆಂಬರ್ ಹೊತ್ತಿಗೆ ಎಬಿಸಿಡಿ ತೆಗೆಯಿರಿ. ಇದು ಇಂಗ್ಲಿಷ್ ಅಕ್ಷರ ಅಲ್ಲ, ರೋಮಿನವರದ್ದು ಎಂದು ಮೊದಲು ಹೇಳಿ. ಇಂಗ್ಲಿಷ್ ಎಂದರೆ ಹೆದರುವ ಮಗುವಿನ ಮುಖ ಆಗ ಸಡಿಲವಾಗುವುದನ್ನು ನಾನು ಕಂಡಿದ್ದೇನೆ. ಅವರ ಹತ್ತಿರ ಜೆ, ಯು, ಡಬ್ಲ್ಯು ಇರಲಿಲ್ಲ. ಗೋಡೆ ಗಡಿಯಾರದ ರೋಮನ್ ಅಂಕಿಗಳನ್ನು ಅದೇ ವಾರ ಕಲಿಸಿ.

ಶಿವಮೊಗ್ಗಕ್ಕೆ ಹೋಗುವ ಬಸ್ಸನ್ನೂ ಬಿಡಬೇಡಿ. ಆ ಪದ 'ಒಮ್ನಿಬುಸ್'ನ ಬಾಲ. ಒಮ್ನಿಬುಸ್ ಅಂದರೆ ಎಲ್ಲರಿಗೂ. ಮುಂದಿನ ಭಾಗ ಬಿದ್ದು ಹೋಗಿ ಬರೀ 'ಬುಸ್' ಉಳಿಯಿತು, ಅಂದರೆ ಬರೀ ವಿಭಕ್ತಿ ಪ್ರತ್ಯಯ. ನಾವು ದಿನಾ ಒಂದು ಚತುರ್ಥಿ ವಿಭಕ್ತಿಯಲ್ಲಿ ಕೂತು ಪೇಟೆಗೆ ಹೋಗುತ್ತೇವೆ ಎಂದು ನಮ್ಮ ಮಕ್ಕಳಿಗೆ ಗೊತ್ತು.

ಒಂದು ಮಾತು. ಮುಂದೆ ಕಾಲೇಜಿನಲ್ಲಿ ಗಿಡಗಳ ಹೆಸರನ್ನು ಇಂಗ್ಲಿಷ್ ಥರ ಉಚ್ಚರಿಸುವುದನ್ನು ಇವರು ಕೇಳುತ್ತಾರೆ. ಅದಕ್ಕೂ ಒಂದು ರೂಢಿ ಇದೆ, ತಿದ್ದಲು ಹೋಗಬೇಡಿ ಎಂದು ಈಗಲೇ ಹೇಳಿಡಿ.

ವರ್ಷದ ಕೊನೆಯ ಕೆಲಸ

ಪರೀಕ್ಷೆಯ ಬದಲು ಫಲಕ ಮಾಡಿಸುತ್ತೇನೆ. ಪ್ರತಿ ಮಗುವೂ ತೋಟದಲ್ಲಿ ಒಂದು ಮರ ಆರಿಸಿಕೊಳ್ಳಬೇಕು. ಮೂರು ಸಾಲು ಬರೆಯಬೇಕು: ಕನ್ನಡದ ಹೆಸರು, ಲ್ಯಾಟಿನ್ ಹೆಸರು, ಅದರ ಅರ್ಥ. ಅರ್ಥವನ್ನು ಮಗು ತಾನೇ ಹೇಳಬೇಕು, ನೀವು ಹೇಳಿಕೊಡಬಾರದು. ರಟ್ಟು, ಅಡಿಕೆ ಹಾಳೆ ಎರಡೂ ಮಳೆಗೆ ತಡೆಯುವುದಿಲ್ಲ. ಹಳೇ ಹೆಂಚಿನ ತುಂಡಿನ ಮೇಲೆ ಎನಾಮಲ್ ಪೇಂಟಿನಲ್ಲಿ ಬರೆಸಿ. ಮಾರ್ಚಿನಲ್ಲಿ ಬರೆಸಿದರೆ ಬಿಸಿಲಿಗೆ ಚೆನ್ನಾಗಿ ಒಣಗುತ್ತದೆ. ಮರಕ್ಕೆ ಮೊಳೆ ಹೊಡೆಯಬೇಡಿ. ತೆಂಗಿನ ನಾರಿನ ಹಗ್ಗದಲ್ಲಿ ಸಡಿಲವಾಗಿ ಕಟ್ಟಿ, ಮರ ದಪ್ಪವಾಗುತ್ತದೆ, ಪ್ರತಿ ವರ್ಷ ಗಂಟು ಬಿಚ್ಚಿ ಮತ್ತೆ ಕಟ್ಟಿ. ನಮ್ಮ ತೋಟದಲ್ಲಿ ಈಗ ಹತ್ತೊಂಬತ್ತು ಹೆಂಚುಗಳಿವೆ. 'ಅನ್ನು ಅಲ್ವಾ' ಎಂದು ಕೇಳಿದವಳ ಹೆಂಚು ಮನೆ ಹಿಂದಿನ ಹಿಪ್ಪುನೇರಳೆ ಮರದ ಮೇಲಿದೆ.